ಅವರ ಫಿಲ್ಮು, ಅವ್ವನ ಫಿಲ್ಮು

ಲಕಮನಹಳ್ಳಿ, ಧಾರವಾಡ
ಬುಧವಾರ, ೧೧ ಫೆಬ್ರುವರಿ ೨೦೦೪, ಸಂಜೆ ಆರೂವರೆ

ಪ್ರೀತಿಯ ಗುರುಪಾದಾ,

ಬೆಳಿಗ್ಗೆ ಏಳಕ್ಕೆ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದವಳು ಈಗಷ್ಟೇ ಬಂದು ಕೂತಿದ್ದೇನೆ. ಇನ್ನೂ ಚಹಾ ಕುಡಿದಿಲ್ಲ. ನಿನ್ನ ಕೆಮ್ಮು ಹೇಗಿದೆ? ಆದೋನಿಯ ಹತ್ತಿ ಧೂಳಿಗೆ ಬಾಯಿಗೆ ಅರಿವೆ ಕಟ್ಟಿಕೋ ಎಂದರೆ ಕೇಳುವವನಲ್ಲ ನೀನು. ಫೋನಿನಲ್ಲಿ ಆಪರೇಶನ್ ಎಂದ ಕೂಡಲೇ ಇಟ್ಟುಬಿಡುತ್ತೀ. ಅದಕ್ಕೇ ಇದನ್ನು ಬರೆದು ಅಲ್ಲಿಗೆ ಬರುವ ಶರೀಫಸಾಬರ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು.

ಅವ್ವನಿಗೆ ಬಂದಿರುವುದು ನಿಮ್ಮಣ್ಣನಿಗೆ ಬಂದದ್ದಲ್ಲ! ಮೊದಲು ಇದನ್ನು ಬರೆದುಬಿಟ್ಟೆ. ಉಳಿದದ್ದನ್ನು ಸಾವಕಾಶ ಹೇಳುತ್ತೇನೆ.

ತಪ್ಪು ನನ್ನದು. ದೀಪಾವಳಿಯ ನಂತರ ಅವ್ವನಿಗೆ ಫಿಟ್ಸ್ ಬಂದು ಸಿ.ಟಿ. ಮಾಡಿಸಿದಾಗ ತಲೆಯಲ್ಲಿ ಗಡ್ಡೆ ಇದೆ ಎಂದರು. ಆ ಫಿಲ್ಮನ್ನೂ ಟ್ರಂಕಿನಲ್ಲಿದ್ದ ನಿಮ್ಮಣ್ಣನ ಫಿಲ್ಮನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಎರಡರಲ್ಲೂ ಬಲಗಡೆ ಬಿಳಿ ಕಲೆ. ಹತ್ತನೆಯ ಇಯತ್ತೆ ಕಲಿತವಳು ನಾನು, ಅಷ್ಟಕ್ಕೇ ನಿನಗೆ ಫೋನ್ ಮಾಡಿ ಎರಡೂ ಒಂದೇ ಎಂದೆ. ಆಪರೇಶನ್ ಆದ ನಾಲ್ಕೇ ತಿಂಗಳಿಗೆ ನಮ್ಮವರು ತೀರಿಹೋದದ್ದನ್ನು ಕಂಡವರು ನಾವು. "ಅವ್ವನ ತಲಿ ಯಾರೂ ಕೊಯ್ಯೂದು ಬ್ಯಾಡ್ರಿ ವೈನಿ" ಎಂದೆ ನೀನು. ನಾನೂ ಹೂಂಗುಟ್ಟಿದೆ.

ಮೆದುಳಿನ ಡಾಕ್ಟರ್ ಗೀತಾಂಜಲಿ ಎಂ.ಆರ್.ಐ. ಆಗಲೇಬೇಕೆಂದು ಬರೆದುಕೊಟ್ಟರೂ ಅವ್ವ ಎರಡು ಸಲ ಬಾಗಿಲಿನಿಂದಲೇ ತಿರುಗಿ ಬಂದಿದ್ದಳು. ಆ ಕೋಣೆಗೆ ಲೋಹ ಒಯ್ಯುವಂತಿಲ್ಲ. ಅವ್ವ ಕೊರಳಿನ ಲಿಂಗ ತೆಗೆಯಲೊಲ್ಲಳು. "ಲಿಂಗ ಬಿಟ್ಟ ಮ್ಯಾಲೆ ನಾ ಇದ್ದರೇನು, ಸತ್ತರೇನು?" ಎಂದು ಒಂದೇ ಹಟ. ಇವತ್ತು ಗೋಕುಲ ರಸ್ತೆಯ ಸೆಂಟರಿನಲ್ಲಿ ಮಶಿನ್ ನಡೆಸುವ ಅಬ್ದುಲಗನಿಯವರು ಅವಳೆದುರು ನೆಲಕ್ಕೇ ಕೂತು, "ಅವ್ವಾರ, ಬೆಳ್ಳಿ ಕರಡಿಗಿ ಅಷ್ಟ ಸೊಸಿ ಕಡೆ ಕೊಡ್ರಿ. ಒಳಗಿನ ಲಿಂಗ ನಿಮ್ಮ ಮೈಮ್ಯಾಲೇ ಇರ್ಲಿ" ಎಂದರು. ಲಿಂಗವನ್ನು ಮುಟ್ಟದೆ, ಸಣ್ಣ ಅಯಸ್ಕಾಂತ ಹತ್ತಿರ ಹಿಡಿದು ಪರೀಕ್ಷೆ ಮಾಡಿದರು, ಅದು ಎಳೆಯಲಿಲ್ಲ. ನಾನು ಲಿಂಗವನ್ನು ಹತ್ತಿ ಅರಿವೆಯಲ್ಲಿ ಸುತ್ತಿ ಅವಳ ತೋಳಿಗೆ ಕಟ್ಟಿದೆ. ಇಷ್ಟು ಸಣ್ಣ ಉಪಾಯ ಮೂರು ತಿಂಗಳು ನಮಗ್ಯಾರಿಗೂ ಹೊಳೆಯಲಿಲ್ಲ ನೋಡು! ಮಶಿನ್ನಿನ ಗಡಗಡ ಸದ್ದು ಮುಗಿದು ಹೊರಗೆ ಬಂದವಳು, "ಒಳಗ ಜಿನ್ನಿಂಗ್ ಮಿಲ್ ಹಚ್ಚೀರಲ್ರೀ ಸಾಹೇಬ್ರ, ಹತ್ತಿ ಅರಳಿ ಎಲ್ಲೈತಿ?" ಎಂದು ಎಲ್ಲರನ್ನೂ ನಗಿಸಿದಳು.

ಡಾಕ್ಟರು ಅವ್ವನ ಹೊಸ ಫಿಲ್ಮನ್ನೂ ನಾನು ಒಯ್ದಿದ್ದ ನಿಮ್ಮಣ್ಣನ ಫಿಲ್ಮನ್ನೂ ಬೆಳಕಿನ ಪೆಟ್ಟಿಗೆಗೆ ಪಕ್ಕಪಕ್ಕ ಸಿಗಿಸಿದರು. ನಿಮ್ಮಣ್ಣನದಕ್ಕೆ ಅಂಚೇ ಇಲ್ಲ. ಎಲ್ಲಿ ಗಡ್ಡೆ ಮುಗಿಯಿತು, ಎಲ್ಲಿ ಮೆದುಳು ಶುರುವಾಯಿತು, ತಿಳಿಯುವುದಿಲ್ಲ. ಅವ್ವನದು, ಗಡ್ಡೆ ಎದ್ದು ಕಾಣಲೆಂದು ಇಂಜೆಕ್ಷನ್ ಕೊಟ್ಟ ಮೇಲೆ, ಪೂರ್ತಿ ಒಂದೇ ಸಮ ಬೆಳ್ಳಗಾಗಿದೆ, ಸುತ್ತ ತೀಡಿದಂಥ ಅಂಚು. "ಅದು ಹಿಟ್ಟಿನ್ಯಾಗ ಕರಗಿದ ಉಪ್ಪಿದ್ದಂಗ್ರಿ, ಆರಿಸಿ ತಗಿಯಾಕ ಬರಲಿಲ್ಲ. ಇದು ಮೆದುಳಿನ ಹೊದಿಕಿಗೆ ಹತ್ತಿದ್ದು, ಹೊರಗಿನಿಂದ ಒತ್ತಾಕತ್ತೈತಿ. ತಗದ ಮ್ಯಾಲೆ ಪರೀಕ್ಷಾ ಮಾಡಿದ್ರನ ಪಕ್ಕಾ. ಆದ್ರ ಇದರಿಂದ ಆರಾಮ ಆಗಿ ಮನಿಗೆ ಹೋದವರ ಭಾಳ ಮಂದಿ" ಎಂದರು. ನನಗೆ ಅಲ್ಲೇ ಕಣ್ಣು ತುಂಬಿತು. ನಿಮ್ಮಣ್ಣನನ್ನು ನೆನೆಸಿಕೊಂಡೋ, ಅವ್ವ ಉಳಿಯುತ್ತಾಳೆಂಬ ಖುಷಿಗೋ, ಗೊತ್ತಿಲ್ಲ.

ಕಾಯ್ದರೆ ಕಣ್ಣಿಗೆ ತೊಂದರೆ ಬರಬಹುದಂತೆ. ಶನಿವಾರ ಆಪರೇಶನ್ ಮಾಡುತ್ತಾರೆ. ಅವ್ವ ಮಾತ್ರ, "ಗುರುಪಾದ ಹೂಂ ಅನ್ನಲಿ" ಎಂದು ಕೂತಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅತ್ತಿಗೆ,
ಶಾಂಭವಿ

ತಾ.ಕ.: ಇದನ್ನು ಅವ್ವನಿಗೆ ಓದಿ ಹೇಳಿದೆ. "ಅವನ ಹೂಂ ಬರೂತನಕ ಗಡ್ಡಿ ಸುಮ್ಮ ಕುಂದರತೈತೇನು? ತಾ ಇಲ್ಲಿ ಕಾಗದ" ಎಂದು ಆಪರೇಶನ್ನಿನ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ, ಮನೆಯವರ ಸಹಿಗೆ ನಿನಗೆಂದು ಬಿಟ್ಟಿದ್ದ ಜಾಗದಲ್ಲಿ, ನಾನು ಸಹಿ ಹಾಕಿದ್ದೇನೆ. ನಾಳೆ ಹನ್ನೊಂದು ಗಂಟೆಗೆ ಅವಳನ್ನು ದವಾಖಾನೆಗೆ ಸೇರಿಸಿಕೊಳ್ಳುತ್ತಾರೆ.