ಒರಗಿ ಮಲಗುವ ಮಗು

ಮಾರ್ಚ್ ೪, ಬೆಳಿಗ್ಗೆ

ಪ್ಯಾಂಟುಗಳ ಅಂಚು ಮಡಿಸಿ ಆಯಿತು. ಸೊಂಟ ಸಡಿಲ ಮಾಡಬೇಕಾದ ಕೋಟೊಂದು ಬಾಕಿ. ಮೆಷಿನ್ ಸದ್ದಿಗೆ ಮಗು ಬೆಚ್ಚೀತು ಎಂದು ಹೆದರಿದ್ದೆ. ಇಲ್ಲ. ನಿನ್ನೆ ಬಂದಾಗಿನಿಂದ ಪಕ್ಕದಲ್ಲೇ ಕೂತು ದಾರದ ಉಂಡೆಗಳನ್ನು ಬಣ್ಣ ನೋಡಿ ಸಾಲು ಮಾಡುತ್ತಾಳೆ. ನಾನು ಒಂದು ತೆಗೆದರೆ ಕೈಗೆ ಮೆಲ್ಲಗೆ ಏಟು. "ದೊರೆಸಾನಿ ಬಂದ್ಲು" ಎಂದರು ನಮ್ಮವರು. ಅದೇ ಹೆಸರು ನಿಂತುಬಿಟ್ಟಿತು.

ಐದು ವರ್ಷ. ಸಮುದ್ರದಾಚೆಯ ಯಾವುದೋ ದೇಶ. ಹೃದಯದಲ್ಲಿ ತೂತು. ಅಲ್ಲಿ ಆಪರೇಷನ್ ಮಾಡುವವರಿಲ್ಲ. ಬಡ ಮಕ್ಕಳ ಸಂಸ್ಥೆಯವರು ಒಬ್ಬ ನರ್ಸ್ ಜೊತೆ ಕರೆಸಿ, ಆಸ್ಪತ್ರೆಗೆ ಹತ್ತಿರವೆಂದು ನಮ್ಮ ಮಹಡಿ ಕೋಣೆ ಕೇಳಿದರು. ತಾಯಿಯ ಮಡಿಲಲ್ಲಿ ಇನ್ನೊಂದು ಎಳೆಗೂಸು, ಬರಲಾಗಲಿಲ್ಲ. ನಾನು ಹೂಂ ಅಂದೆ. ನಮ್ಮವರು ಬಸ್ ಓಡಿಸಿ ರಿಟೈರಾದವರು — ಯಾವುದಕ್ಕೂ ಮೊದಲು ಬ್ರೇಕ್ ಮೇಲೆ ಕಾಲು.

"ಬೇರೆಯವರ ಕೂಸು. ಹೆಚ್ಚುಕಮ್ಮಿ ಆದ್ರೆ ಆ ತಾಯಿಗೆ ಏನಂತ ಹೇಳ್ತೀಯ?"

ನಾನು ಪೊರಕೆ ಹಿಡಿದು ಮಹಡಿ ಹತ್ತಿದೆ.

ಮಾರ್ಚ್ ೫

ಮಲಗಿಸಿದರೆ ಉಸಿರು ಕಟ್ಟುತ್ತದೆ. ಎದ್ದು ಕೂತುಬಿಡುತ್ತಾಳೆ. ದಿಂಬಿನ ಮೇಲೆ ದಿಂಬಿಟ್ಟೆ. ಊಹೂಂ. ಊಟವಾದ ಮೇಲೆ ತಾಯಿಗೆ ವಿಡಿಯೋ ಕಾಲ್, ನಡುವೆ ಸಂಸ್ಥೆಯ ದುಭಾಷಿ ಹುಡುಗಿ. ಮಗು ಹುಟ್ಟಿದಾಗಿನಿಂದ ಮಲಗಿ ನಿದ್ದೆ ಮಾಡಿದ್ದೇ ಇಲ್ಲವಂತೆ. ತಾಯಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ನಿದ್ದೆಯಂತೆ. ತಾಯಿಯದೂ ಹಾಗೇ.

ನೆಲದ ಮೇಲೆ ಕೂತು ಬೆನ್ನು ಕೊಟ್ಟೆ. ಗಿರಾಕಿ ಬಟ್ಟೆ ನೋಡುವ ಹಾಗೆ ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಒರಗಿದಳು. ಭಾರವೇ ಇಲ್ಲ. ಬೆನ್ನಿನೊಳಗೆ ಅವಳ ಎದೆಬಡಿತ, ದಾರ ಸಿಕ್ಕಿಕೊಂಡ ಮೆಷಿನ್ನಿನ ಹಾಗೆ. ಕಿಟಕಿ ಪರದೆಯ ನೆರಳು ನೆಲದ ಮೇಲೆ ತೇಲುತ್ತಿತ್ತು. ನನಗೂ ಜೊಂಪು. ನಮ್ಮ ಕೋಣೆ ದೋಣಿಯ ಹಾಗೆ ಮೆಲ್ಲಗೆ ದಡ ಬಿಟ್ಟು ಹೊರಟಿತ್ತು. ದೂರದಲ್ಲೊಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಕೂತಿದ್ದಳು, ಕಾಯುತ್ತ.

ಮಾರ್ಚ್ ೧೧, ಮಧ್ಯಾಹ್ನ

ನಿದ್ದೆಯಲ್ಲಿ ಮಾತಾಡುತ್ತಾಳೆ. ಇವತ್ತು ಫೋನ್ ಇನ್ನೂ ಆನ್ ಇತ್ತು, ದುಭಾಷಿ ಹುಡುಗಿಗೆ ಕೇಳಿಸಿತು. ಏನಂತೆ ಎಂದೆ. "ಮೇಕೆ ಒಳಗೆ ಬಂತು, ಬಾಗಿಲು ಹಾಕು ಅಂತಿದಾಳೆ ಆಂಟಿ."

ನಮ್ಮವರು ನಗಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

ಮಾರ್ಚ್ ೧೪

ನಾಳೆ ಆಪರೇಷನ್. ಆಸ್ಪತ್ರೆಯ ಗೌನಿನಲ್ಲಿ ಇಂಥವರು ಇಬ್ಬರು ಹಿಡಿಯುತ್ತಾರೆ. ಮುಂದೆ ಗುಂಡಿ ಇಟ್ಟು ಒಂದು ಹೊಲಿದೆ. ಗುಂಡಿ ತೂರುವ ಕಾಜಾ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದೆ.

ಮಾರ್ಚ್ ೨೮

ಇಷ್ಟು ದಿನ ಬರೆಯಲಾಗಲಿಲ್ಲ. ತೂತು ಮುಚ್ಚಿದರು. ಆಮೇಲೆ ಜ್ವರ ಬಂತು, ದಿನಗಟ್ಟಲೆ ಇಳಿಯಲಿಲ್ಲ. ಡಾಕ್ಟರು ಬಂದು ಔಷಧಿ ಬದಲಿಸಿ ಹೋಗುತ್ತಿದ್ದರು. ನಮ್ಮವರು ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಹೋಗಿ ಹಾಗೇ ವಾಪಸು ತರುತ್ತಿದ್ದೆ.

ಕೊನೆಗೂ ಜ್ವರ ಬಿಟ್ಟಿತು, ನಿನ್ನೆ ಮಗುವಿನ ಜೊತೆ ಮನೆಗೆ ಬಂದೆವು. ಇನ್ನೊಂದು ಬರೆಯಬೇಕು.

ಇವತ್ತು ಊಟವಾದ ಮೇಲೆ ಬೆನ್ನು ಕೊಟ್ಟು ಕೂತೆ. ಬರಲಿಲ್ಲ. ತಿರುಗಿ ನೋಡಿದರೆ ಹಾಸಿಗೆಯ ಮೇಲೆ ಅಂಗಾತ ಮಲಗಿ, ಕೈಕಾಲು ಚೆಲ್ಲಿ, ಗಾಢ ನಿದ್ದೆ. ತಾಯಿ ನೋಡಲಿ ಎಂದು ಸಂಭ್ರಮದಿಂದ ಕಾಲ್ ಮಾಡಿದೆ. ಆ ಮುಖ… ಹೇಗೆ ಬರೆಯಲಿ. ಬಣ್ಣವೇ ಇಳಿದುಹೋಯಿತು. ಫೋನ್ ಬಿದ್ದ ಸದ್ದು. ಆಮೇಲೆ ಬರೀ ಸೂರು ಕಾಣುತ್ತಿತ್ತು. ದುಭಾಷಿ ಹುಡುಗಿಯ ದನಿ ಒಡೆದಿತ್ತು.

"ಆಂಟಿ, ಮಗು ಹೋಗ್ಬಿಡ್ತು ಅಂದ್ಕೊಂಡಿದಾರೆ. ಅವಳು ಮಲಗಿದ್ದು ಅವರು ಯಾವತ್ತೂ ನೋಡಿಲ್ಲ."

ನಮ್ಮವರೇ ಫೋನ್ ಕಿತ್ತುಕೊಂಡು ಮಗುವಿನ ಮೂಗಿನ ಹತ್ತಿರ ಹಿಡಿದರು. ನಮ್ಮ ಭಾಷೆಯಲ್ಲೇ, ಅವಳಿಗೆ ತಿಳಿಯದ ಭಾಷೆಯಲ್ಲೇ ಹೇಳಿದರು: "ಉಸಿರಾಡ್ತಿದೆ ತಾಯಿ. ಕೇಳಿಸ್ಕೊ. ಉಸಿರಾಡ್ತಿದೆ."

ಕೇಳಿಸಿಕೊಂಡಳು. ಎಷ್ಟೋ ಹೊತ್ತು. ಪರದೆಯಲ್ಲಿ ಮುಖ ಮತ್ತೆ ಕಂಡಾಗ ಅಡ್ಡಡ್ಡ ಕಂಡಿತು. ಅವಳೂ ನೆಲಕ್ಕೆ ಒರಗಿದ್ದಳು, ಫೋನ್ ಮುಖದ ಪಕ್ಕ ಇಟ್ಟುಕೊಂಡು. ಅಲ್ಲಿ ಯಾವ ಹೊತ್ತೋ. ಕಣ್ಣು ಮುಚ್ಚುತ್ತ ಬಂತು. ಎರಡು ಉಸಿರೂ ಒಂದೇ ಫೋನಿನಲ್ಲಿ. ನಾವಿಬ್ಬರೂ ಅಲುಗಾಡದೆ ಕೂತಿದ್ದೆವು.

ಏಪ್ರಿಲ್ ೧೯

ಊರಿಗೆ ಹೊರಟಳು, ಬಿಡಲು ಏರ್‌ಪೋರ್ಟಿಗೆ ಹೋಗಿದ್ದೆವು. ಅಳಲಿಲ್ಲ, ತಿರುಗಿಯೂ ನೋಡಲಿಲ್ಲ. ನರ್ಸಿನ ಕೈ ಹಿಡಿದು ಎಳೆದುಕೊಂಡೇ ಹೋದಳು, ಏದುಸಿರೇ ಇಲ್ಲ. "ನಡೆಯೋ ಗತ್ತು ನೋಡು" ಎಂದು ನಗಲು ಹೋದರು ನಮ್ಮವರು. ಅರ್ಧಕ್ಕೇ ನಿಂತಿತು.

ಬಸ್ಸಿನಲ್ಲಿ ವಾಪಸು ಬರುವಾಗ, ಜೀವಮಾನವಿಡೀ ಬಸ್ ಓಡಿಸಿದವರು, ನಮ್ಮ ಸ್ಟಾಪ್ ಬಂದರೂ ಏಳಲೇ ಇಲ್ಲ. ನಾನೂ ಹೇಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆವು.

ಮೇ ೨, ಸಂಜೆ

ಸಂಸ್ಥೆಯಿಂದ ಫೋನ್. ಈ ಸಲ ಇದೇ ಊರು. ಬೆಂಕಿಗೆ ಮನೆ ಕಳೆದುಕೊಂಡವರು, ಒಬ್ಬ ತಾಯಿ, ಮಕ್ಕಳು. ಬೇರೆ ಮನೆ ಸಿಗುವವರೆಗೆ ಕೋಣೆ ಕೊಡ್ತೀರಾ ಎಂದರು. ಕೇಳಿ ಹೇಳುತ್ತೇನೆ ಅಂದೆ.

ನಮ್ಮವರು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಆಗಲ್ಲ ಅನ್ನು. ಇನ್ನೊಂದ್ಸಲ ಕಳಿಸಿಕೊಡೋದು ನನ್ನ ಕೈಲಾಗಲ್ಲ."

ಬಲವಂತ ಮಾಡಲಿಲ್ಲ. ಆಗಲ್ಲ ಎನ್ನಲು ಫೋನ್ ತೆಗೆದುಕೊಂಡೆ. ಅವರು ಕೈ ಒರೆಸಿಕೊಂಡು ಮೆಟ್ಟಿಲ ಹತ್ತಿರ ಹೋಗಿ ನಿಂತರು.

"ಎಷ್ಟು ದೊಡ್ಡವು ಮಕ್ಕಳು?"

ಗೊತ್ತಿಲ್ಲ, ಕೇಳಲಿಲ್ಲ ಅಂದೆ.

"ಕೇಳ್ಬೇಕಲ್ವಾ ಮೊದ್ಲು?" — ಗೊಣಗುತ್ತ ಮೇಲೆ ಹೋದರು. ಈಗ ಮಂಚ ಎಳೆಯುವ ಸದ್ದು. ಒಬ್ಬರೇ ಎತ್ತುತ್ತಿದ್ದಾರೆ, ಸೊಂಟ ಹಿಡಿದುಕೊಂಡರೆ… ಇನ್ನೊಂದು ಕೊನೆ ನಾನೇ ಹೋಗಿ ಹಿಡಿಯಬೇಕು.