ಈ ಹೆಣಕ್ಕೆ ಮನೆಯವರಿಲ್ಲವೇ

ಮಾರ್ಚ್ ೧೪, ಗುರುವಾರ

ಟಾರ್ಲಿಯ ಪ್ರಶ್ನೆ ಮಲಗಲು ಬಿಡುತ್ತಿಲ್ಲ.

ಪಠ್ಯದ ಕಾದಂಬರಿಯಲ್ಲಿ ಬಿಳಿಯ ಹುಡುಗನೊಬ್ಬ ಡಾರ್ಲಿಂಗ್ ನದಿಯಲ್ಲಿ ನಮ್ಮ ಮೂಲನಿವಾಸಿಗಳಲ್ಲೊಬ್ಬನ ಹೆಣ ತೇಲುವುದನ್ನು ನೋಡುತ್ತಾನೆ. ಅಲ್ಲಿಗೆ ಅವನ ಬಾಲ್ಯ ಮುಗಿಯಿತಂತೆ. ತರಗತಿಗೆ ಗಟ್ಟಿಯಾಗಿ ಓದುತ್ತಿದ್ದ ನಮ್ಮ ಟಾರ್ಲಿ ಅಲ್ಲಿಗೇ ಓದು ನಿಲ್ಲಿಸಿದಳು. ಅವಳ ಸೋದರಮಾವನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ. ಊರಿಗೆ ಊರೇ ಬಂದು ಅತ್ತಿತ್ತು.

"ಮಿಸ್, ಈ ಹೆಣಕ್ಕೆ ಮನೆಯವ್ರಿಲ್ವಾ? ಯಾರೂ ಅಳೋಕೇ ಬರ್ಲಿಲ್ವಲ್ಲ."

"ಪರೀಕ್ಷೇಲಿ ಕೇಳೋದು ಹುಡುಗನ ಬಗ್ಗೆ, ಟಾರ್ಲಿ," ಎಂದರು ಸಿಡ್ನಿಯಿಂದ ಬಂದ ಬಿಳಿಯ ಟೀಚರ್.

ಸಹಾಯಕಿಯಾಗಿ ಹಿಂದೆ ಕೂತಿದ್ದ ನಾನು ಎದ್ದೆ. "ನಿಮ್ಮ ಹುಡುಗ ದೊಡ್ಡವನಾಗೋಕೆ ನಮ್ಮವರೇ ಯಾಕೆ ಸಾಯ್ಬೇಕು?"

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಒಬ್ಬರೂ ಕೂರಲಿಲ್ಲ. ಕೂರದಿರಲಿ. ಬೀದಿಯಲ್ಲಿ ಧಿಕ್ಕಾರ ಕೂಗುತ್ತಲೇ ತಲೆ ನರೆತವಳು ನಾನು.

ಸಂಜೆ ಗೇಟಿನಲ್ಲಿ ಟಾರ್ಲಿ ಕಾದಿದ್ದಳು. "ಆಂಟಿ, ನಾಳೆಯಿಂದ ನಾನು ಬರಲ್ಲ. ಬೈತೀಯಾ?"

"ಬೈತೀನಿ. ನೀನೂ ಬರ್ದಿದ್ರೆ ಆ ಸತ್ತವನ ಪರ ಕೇಳೋರ್ಯಾರೆ?"

"ನೀನಿದ್ದೀಯಲ್ಲ."

"ಇದ್ದೀನಿ. ಒಬ್ಳೇ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು, "ಬರ್ತೀನಿ ಬಿಡು," ಎಂದಳು, ಸಾವಿನ ಮನೆಯಲ್ಲಿ ಮುದುಕಿಯರು ಸಮಾಧಾನ ಹೇಳುವ ಹಾಗೆ.

ಗೆದ್ದೆ ಅನ್ನಿಸಬೇಕಿತ್ತು. ಹದಿನಾಲ್ಕು ವರ್ಷದ ಹುಡುಗಿ ಹಾಗೆ ಕೈ ಹಿಡಿಯಬಾರದು. ಅವಳ ಬಾಲ್ಯ ಎಲ್ಲಿ ಮುಗಿಯಿತು ಅಂತ ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.