ಬಿಳಿ ದೃಷ್ಟಿಬೊಟ್ಟು

ಜನವರಿ 19, ಸೋಮವಾರ

ರಾತ್ರಿ ಒಂದೂವರೆ. ಪೌಡರ್ ಡಬ್ಬಿ ನೆಲಕ್ಕೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಕನ್ನಡಿಯ ಮುಂದೆ ಮಗಳು ಇಂಚರ ನಿಂತಿದ್ದಳು. ಕೆನ್ನೆಯ ಮೇಲೆ ಪೌಡರ್ ಕಲಸಿ ಇಟ್ಟುಕೊಂಡ ಬಿಳಿ ಬೊಟ್ಟು. ಐದು ವರ್ಷದ ಮಗು.

ನಿನ್ನೆ ಮಧ್ಯಾಹ್ನ ತೂಬಗೆರೆಯ ತವರಿನಲ್ಲಿ ಅಮ್ಮ ನನ್ನ ತಂಗಿಯ ಕೂಸಿಗೆ ನೀರು ಹಾಕಿ, ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು. ಇವಳೂ ಕೆನ್ನೆ ಒಡ್ಡಿದಳು.

"ನಿಂಗ್ಯಾಕೇ? ನಿಮ್ಮಪ್ಪ ಮೈತುಂಬ ಇಟ್ಟೇ ಕಳ್ಸವ್ರಲ್ಲ" ಅಂದಳು ಅಮ್ಮ.

ಎಲ್ಲರೂ ನಕ್ಕರು. ಇವಳೂ ನಕ್ಕಳು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

"ಕಾಡಿಗೆ ನನ್ ಮೇಲೆ ಕಾಣಲ್ಲಮ್ಮ, ಅದಕ್ಕೇ ಬಿಳೀದು" ಅಂದಳು ಈಗ. ಆಮೇಲೆ ಮೆಲ್ಲಗೆ, "ನಂಗೂ ದೃಷ್ಟಿ ಆಗುತ್ತೆ ಅಲ್ವಾ?"

ಚೆಂದದ ಮಕ್ಕಳಿಗೇ ದೃಷ್ಟಿಯಾಗುವುದು ಎಂದು ಇವಳಿಗೆ ಯಾವಾಗ ಗೊತ್ತಾಯಿತು? ಎಂ.ಎ. ಓದಿದ ನಾನು ಟವೆಲ್ ತಂದು ಆ ಬೊಟ್ಟು ಒರೆಸಲು ಹೋದೆ.

"ಬಿಡು, ಅಪ್ಪನ್ನೇ ಕೇಳ್ತೀನಿ. ಅಪ್ಪ ನನ್ ಬಣ್ಣಾನೇ" ಎಂದು, ಬೊಟ್ಟು ಒರೆಸಲು ಬಿಡದೆ ಮಲಗಿದಳು.

ಒಕೆಲ್ಲೊ, ನಿನ್ನ ಕಂಪಾಲಾದಲ್ಲಿ ಈಗಿನ್ನೂ ಹನ್ನೊಂದು. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತುತ್ತಿಲ್ಲ. ಬೆಳಗ್ಗೆ ನಿನ್ನ ಮಗಳು ಆ ಬೊಟ್ಟಿನಲ್ಲೇ ಶಾಲೆಗೆ ಹೊರಡುತ್ತಾಳೆ. ಅವಳು ಏಳುವ ಮುಂಚೆ ಫೋನ್ ಮಾಡು, ನಿನ್ನ ದಮ್ಮಯ್ಯ. ನಿನಗೂ ದೃಷ್ಟಿ ಆಗುತ್ತೆ ಕಂದಾ ಅಂತ ನೀನೇ ಅವಳಿಗೆ ಹೇಳು.